ಭೋಗ್ಯದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆ ಗಾದೆಯಲ್ಲಿರುವುದು ತಾನು ಬಾಳುವ ಮನೆಯ ಮಾತು. ಇನ್ನೊಬ್ಬರ ವಾಸಕ್ಕೆಂದು ಮನೆಯೊಂದನ್ನು ಕೊಂಡು, ಅದರ ಬಾಡಿಗೆಯನ್ನು ಮುಪ್ಪಿನ ಕಾಲದ ಊರುಗೋಲಾಗಿ ಮಾಡಿಕೊಳ್ಳಬೇಕೆನ್ನುವ ಸಂಸಾರಿಯ ಪಾಡನ್ನು ಗಾದೆ ಕಟ್ಟಿದವರು ಯೋಚಿಸಿದಂತೆ ಕಾಣುವುದಿಲ್ಲ. ಆದರೆ ನಮ್ಮ ಪಟ್ಟಣಗಳ ಮಧ್ಯಮ ವರ್ಗದಲ್ಲಿ ಈ ಆಸೆ ಬಹಳ ಹಳೆಯದು. ಗುಮಾಸ್ತರು, ಉಪಾಧ್ಯಾಯರು, ಸಣ್ಣ ಅಂಗಡಿಯವರು, ನಿವೃತ್ತಿಯ ಹೊಸ್ತಿಲಲ್ಲಿ ನಿಂತವರು, ಎಲ್ಲರೂ ಒಂದಲ್ಲ ಒಂದು ಸಂಜೆ ಈ ಲೆಕ್ಕವನ್ನು ಹಾಕಿದವರೇ. ಲೆಕ್ಕದ ತೊಡಕೂ ಎಲ್ಲರದು ಒಂದೇ: ಕೈಯಲ್ಲಿರುವ ಉಳಿತಾಯ ಬೆಲೆಯ ಮೂರನೆಯ ಒಂದು ಪಾಲು, ಉಳಿದ ಎರಡು ಪಾಲು ಎಲ್ಲಿಂದ ಬರಬೇಕು? ಬ್ಯಾಂಕಿನಿಂದ ಎಂದು ಇಂದು ಥಟ್ಟನೆ ಹೇಳಿಬಿಡುತ್ತೇವೆ. ಬ್ಯಾಂಕುಗಳು ಇಂಥವರ ಕಡೆ ತಿರುಗಿಯೂ ನೋಡದಿದ್ದ ಕಾಲದಲ್ಲಿ ಅದಕ್ಕೆ ನಮ್ಮ ಜನ ಕಂಡುಕೊಂಡಿದ್ದ ಉತ್ತರ ಒಂದೇ ಮಾತಿನಲ್ಲಿದೆ. ಆ ಮಾತು ಭೋಗ್ಯ.

ಭೋಗ್ಯವೆಂದರೇನೆಂಬುದನ್ನು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯವರಿಗೆ ವಿವರಿಸಬೇಕಾದ್ದಿಲ್ಲ. ಬೇರೆ ಕಡೆಯ ಓದುಗರ ಸಲುವಾಗಿ ಎರಡು ಮಾತು ಹೇಳುತ್ತೇನೆ. ಮನೆಗೆ ಬರುವವನು ತಿಂಗಳು ತಿಂಗಳು ಬಾಡಿಗೆ ಕೊಡುವುದಿಲ್ಲ. ದೊಡ್ಡ ಮೊತ್ತವೊಂದನ್ನು ಒಂದೇ ಗಂಟಾಗಿ ಒಡೆಯನ ಕೈಗಿತ್ತು, ಗೊತ್ತುಮಾಡಿದ ಗಡುವಿನವರೆಗೆ, ಸಾಮಾನ್ಯವಾಗಿ ಎರಡೋ ಮೂರೋ ವರ್ಷ, ಅಲ್ಲಿ ವಾಸವಾಗಿರುತ್ತಾನೆ. ಗಡುವು ತೀರಿದಾಗ ಒಡೆಯನು ತಾನು ಪಡೆದ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು, ಬಡ್ಡಿ ಕೊಡಬೇಕಾಗಿಲ್ಲ. ಹಣ ಎಣಿಸಿಕೊಂಡವನು ಬೀಗದ ಕೈ ಒಪ್ಪಿಸಬೇಕು. ಹಣದ ಬಡ್ಡಿಗೂ ಮನೆಯ ಬಾಡಿಗೆಗೂ ಸರಿಹೋಯಿತೆಂಬುದು ಇದರ ಗಣಿತ. ಹೀಗಾಗಿ ಭೋಗ್ಯಕ್ಕೆ ಬಂದವನು ಬಾಡಿಗೆದಾರನೂ ಹೌದು, ಒಡೆಯನಿಗೆ ಸಾಲ ಕೊಟ್ಟ ಸಾಹುಕಾರನೂ ಹೌದು. ಕಡಮೆ ಉಳಿತಾಯದವನೊಬ್ಬ ಬಾಡಿಗೆಯ ಮನೆಯ ಒಡೆಯನಾಗಲು ಅವನಿಗಿಂತ ತುಸು ಕಡಮೆ ಉಳಿತಾಯದ ಇನ್ನೊಬ್ಬ ಬಂಡವಾಳ ಹಾಕುತ್ತಾನೆ ಎಂಬುದು ಈ ಪದ್ಧತಿಯ ಸೋಜಿಗ.

ಇದಕ್ಕೆ ಬೆಂಗಳೂರಿನಲ್ಲಿ ಈಚೆಗೆ ರೂಢಿಯಾಗಿರುವ ಹೆಸರು ಲೀಸ್. ಗೇಟುಗಳ ಮೇಲೆ ತೂಗುವ ಹಲಗೆಗಳಲ್ಲಿ ‘ಮನೆ ಲೀಸ್‌ಗೆ ಇದೆ’ ಎಂದು ಬರೆದಿರುತ್ತದೆ. ಕಾನೂನಿನ ಭಾಷೆಯಲ್ಲಿ ಈ ಹೆಸರು ತಪ್ಪು. ೧೮೮೨ರ ಸ್ವತ್ತು ಹಸ್ತಾಂತರ ಕಾನೂನು ಲೀಸ್ ಎಂದು ಕರೆಯುವುದು ಬಾಡಿಗೆಯನ್ನು, ಗೇಣಿಯನ್ನು. ದೊಡ್ಡ ಗಂಟು ಪಡೆದು ಬಡ್ಡಿಗೆ ಬದಲಾಗಿ ಸ್ವತ್ತಿನ ಅನುಭವವನ್ನು ಬಿಟ್ಟುಕೊಡುವುದು ಅದೇ ಕಾನೂನಿನ ೫೮ನೆಯ ಪ್ರಕರಣದಲ್ಲಿ ಬರುವ ಒಂದು ಬಗೆಯ ಅಡಮಾನ. ಹಳ್ಳಿಯವರು ಭೋಗ್ಯವೆನ್ನುವಾಗ ಸರಿಯಾದ ಮಾತನ್ನೇ ಆಡುತ್ತಾರೆ. ಪಟ್ಟಣದವರು ಲೀಸ್ ಎಂದು ತಪ್ಪುತ್ತಾರೆ. ಇದು ಬರಿಯ ಶಬ್ದದ ಜಗಳವಲ್ಲವೆಂಬುದು ಮುಂದೆ ಗೊತ್ತಾಗುತ್ತದೆ.

ಬಾಡಿಗೆ ಎಂಬ ಮಾತು ಸಂಸ್ಕೃತದ ‘ಭಾಟಕ’ದಿಂದ ಬಂದ ತದ್ಭವ. ಮರಾಠಿಯ, ಹಿಂದಿಯ ‘ಭಾಡಾ’ ಇದರ ನಂಟೇ. ಮಾತು ಹಳೆಯದೆಂದ ಮೇಲೆ ವ್ಯವಹಾರವೂ ಹಳೆಯದೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡುಹಿಡಿದು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ ಬಾಡಿಗೆಯ ವಿಚಾರ ಸ್ಪಷ್ಟವಾಗಿಯೇ ಬರುತ್ತದೆ. ಬಾಡಿಗೆ ತೆತ್ತು ಇರುವವನನ್ನು ಹೊರಡಿಸಿದ ಒಡೆಯನಿಗೂ ೧೨ ಪಣ ದಂಡ, ಬೇಡವೆಂದರೂ ಬಿಡದೆ ಕುಳಿತವನಿಗೂ ೧೨ ಪಣ ದಂಡ. ಕಳವು, ಹೊಡೆದಾಟ, ಮನೆಯ ದುರುಪಯೋಗ ಮುಂತಾದ ಕಾರಣಗಳಿದ್ದರೆ ಮಾತ್ರ ಹೊರಡಿಸಬಹುದು. ತಾನಾಗಿಯೇ ನಡುವೆ ಎದ್ದು ಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ಕಟ್ಟಿ ಹೋಗಬೇಕು. ನಾರದಸ್ಮೃತಿಯಲ್ಲಿ ಇನ್ನೊಂದು ಸೊಗಸಾದ ನಿಯಮವಿದೆ. ಪರರ ನೆಲಕ್ಕೆ ಬಾಡಿಗೆ ಕೊಟ್ಟು, ಅಲ್ಲಿ ಸ್ವಂತ ಖರ್ಚಿನಿಂದ ಮನೆ ಕಟ್ಟಿಕೊಂಡವನು ಬಿಟ್ಟುಹೋಗುವಾಗ ತನ್ನ ಹುಲ್ಲು, ಮರ, ಇಟ್ಟಿಗೆಗಳನ್ನು ಕಿತ್ತುಕೊಂಡು ಹೋಗಬಹುದು. ಬಾಡಿಗೆಯನ್ನೇ ಕೊಡದೆ ಇದ್ದವನಿಗೆ ಆ ಹಕ್ಕಿಲ್ಲ. ಒಡೆಯನ ಹಿತ, ನೆಲೆಸಿದವನ ಹಿತ, ಎರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿದ ಕೈ ಇಲ್ಲಿ ಕಾಣುತ್ತದೆ.

ಭೋಗ್ಯದ ವಿಚಾರಕ್ಕೆ ಬಂದರೆ ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಆಳುತ್ತಿದ್ದಾಗ ಅವನ ರಾಜಧಾನಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಮಿತಾಕ್ಷರವೆಂದೊಡನೆ ನಮಗೆ ಅಣ್ಣತಮ್ಮಂದಿರ ಪಾಲು ಪಾರಿಕತ್ತು ನೆನಪಾಗುತ್ತದೆ. ೧೮೧೦ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಭಾರತದ ಬಹುಭಾಗದ ನ್ಯಾಯಾಲಯಗಳು ಪಾಲಿನ ವ್ಯಾಜ್ಯಗಳಲ್ಲಿ ಅದನ್ನೇ ಆಧಾರವಾಗಿ ಹಿಡಿದವು. ಅದೇ ಗ್ರಂಥದ ವ್ಯವಹಾರಾಧ್ಯಾಯದಲ್ಲಿರುವ ಸಾಲದ ಪ್ರಕರಣಕ್ಕೆ ಅಷ್ಟು ಪ್ರಸಿದ್ಧಿ ದೊರೆಯಲಿಲ್ಲ. ಮನೆ ಮಠದ ವ್ಯವಹಾರ ಮಾಡುವವರು ಅದನ್ನು ಒಮ್ಮೆಯಾದರೂ ತಿರುವಿಹಾಕುವುದು ಒಳ್ಳೆಯದು.

ಸಾಲಕ್ಕೆ ಒತ್ತೆಯಿಟ್ಟ ವಸ್ತುವನ್ನು ಸ್ಮೃತಿಗಳು ‘ಆಧಿ’ ಎನ್ನುತ್ತವೆ. ಆಧಿ ಎರಡು ಬಗೆ. ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕಾದದ್ದು, ಬಳಸಬಾರದ್ದು, ಗೋಪ್ಯಾಧಿ: ಒಡವೆ, ಪಾತ್ರೆಯಂಥವು. ಬಳಸಿ ಅದರ ಫಲವನ್ನು ಅನುಭವಿಸಬಹುದಾದದ್ದು ಭೋಗ್ಯಾಧಿ: ಹೊಲ, ತೋಟ, ಮನೆಯಂಥವು. ಗೋಪ್ಯಾಧಿಯ ಮೇಲಿನ ಸಾಲ ಬಡ್ಡಿಯೊಡನೆ ಬೆಳೆದು ಇಮ್ಮಡಿಯಾದಾಗಲೂ ಬಿಡಿಸಿಕೊಳ್ಳದಿದ್ದರೆ ಒತ್ತೆ ಮುಳುಗಿತು. ಭೋಗ್ಯಾಧಿ ಹಾಗೆ ಎಂದಿಗೂ ಮುಳುಗುವುದಿಲ್ಲ. ಫಲವನ್ನು ಸಾಲಿಗನು ತಿನ್ನುತ್ತಲೇ ಇದ್ದಾನೆ. ಆದ್ದರಿಂದ ಸಾಲ ಬೆಳೆಯುವುದಿಲ್ಲ. ಸಾಲವೇ ಬೆಳೆಯದಿದ್ದರೆ ಸ್ವತ್ತನ್ನು ನುಂಗುವ ಮಾತೆಲ್ಲಿ? ಹಣ ತಂದುಕೊಟ್ಟ ದಿನ ಸ್ವತ್ತು ಹಿಂದಕ್ಕೆ ಬರಲೇಬೇಕು. ಈ ನಿಯಮಕ್ಕೆ ಜೊತೆಯಾಗಿ ಇನ್ನೆರಡಿವೆ. ಒತ್ತೆ ಸಿದ್ಧವಾಗುವುದು ಬರಿಯ ಮಾತಿನಿಂದಲ್ಲ, ಸಾಲಿಗನು ಸ್ವತ್ತನ್ನು ವಶಕ್ಕೆ ಪಡೆದಾಗ. ಮತ್ತು ಒಂದೇ ಸ್ವತ್ತಿನ ಮೇಲೆ ಎರಡು ಒತ್ತೆಗಳಿದ್ದರೆ ಮೊದಲಿನದೇ ಬಲವಾದದ್ದು. ಹಿಂದಿನ ವ್ಯವಹಾರದ ಮುಂದೆ ಈಚಿನದು ನಿಲ್ಲುವುದಿಲ್ಲ. ಈ ಮೂರು ನಿಯಮಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಭೋಗ್ಯದ ಇಡೀ ಚರಿತ್ರೆ, ಅದರ ಒಳ್ಳೆಯದೂ ಕೆಟ್ಟದ್ದೂ, ಇವುಗಳೊಳಗೇ ಅಡಗಿದೆ.

ನಮ್ಮ ಶಾಸನಗಳಲ್ಲಿ ಮನೆಯೂ ಅಂಗಡಿಯೂ ಆದಾಯದ ಮೂಲವಾಗಿ ಎಷ್ಟೋ ಕಡೆ ಕಾಣಿಸಿಕೊಳ್ಳುತ್ತವೆ. ದೇವರ ನಂದಾದೀಪಕ್ಕೆ ಗಾಣ, ಅಂಗಡಿ, ಮನೆ, ತೋಟಗಳನ್ನು ಬಿಟ್ಟುಕೊಟ್ಟ ದಾನಿಗಳ ಹೆಸರುಗಳನ್ನು ಕಲ್ಲುಗಳು ಇಂದಿಗೂ ಹೇಳುತ್ತಿವೆ. ಆದರೆ ಅವು ದೊಡ್ಡವರ ಮಾತು. ಸಾಮಾನ್ಯ ಗೃಹಸ್ಥನೊಬ್ಬ ಬಾಡಿಗೆಗೆಂದೇ ಮನೆ ಕೊಳ್ಳುವುದು ಹೆಚ್ಚಾಗಿ ಬೆಳೆದದ್ದು ಪಟ್ಟಣಗಳು ಬೆಳೆದ ಮೇಲೆ. ನಮ್ಮ ಸೀಮೆಯಲ್ಲಿ ಬೆಂಗಳೂರು ಬೆಳೆದ ಮೇಲೆ.

೧೮೯೮ರ ಪ್ಲೇಗು ಬೆಂಗಳೂರಿನ ಇಕ್ಕಟ್ಟಾದ ಪೇಟೆಯನ್ನು ನಡುಗಿಸಿತು. ೧೮೯೨ರಲ್ಲಿಯೇ ಚಾಮರಾಜಪೇಟೆ ತಲೆಯೆತ್ತಿತ್ತು. ಪ್ಲೇಗಿನ ಭಯದಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜನ ಬಂದರು. ಅಗಲವಾದ ನಿವೇಶನ, ಮುಂದೆ ಅಂಗಳ, ಹಿಂದೆ ಹಿತ್ತಲು. ಆ ಹಿತ್ತಲಲ್ಲಿ ಒಂದು ಔಟ್‌ಹೌಸ್ ಕಟ್ಟಿ ಬಾಡಿಗೆಗೆ ಬಿಟ್ಟವರು ಎಷ್ಟೋ ಮಂದಿ. ಇನ್ನೂ ಸ್ವಲ್ಪ ಧೈರ್ಯವುಳ್ಳವರು ವಠಾರ ಕಟ್ಟಿದರು. ವಠಾರದ ಅರ್ಥಶಾಸ್ತ್ರ ಬಲು ಸರಳ. ಒಂದು ಗೋಡೆ ಎರಡು ಮನೆಗೆ, ಒಂದು ಬಾವಿ ಎಂಟು ಮನೆಗೆ, ಒಂದು ತಲೆಬಾಗಿಲು ಎಲ್ಲರಿಗೆ. ಬಂಡವಾಳ ಕಡಮೆ, ಬಾಡಿಗೆ ಎಂಟು ಕಡೆಯಿಂದ. ಒಬ್ಬ ಬಾಡಿಗೆ ತಪ್ಪಿಸಿದರೆ ಏಳು ಜನ ಕೊಟ್ಟಿರುತ್ತಾರೆ. ವಠಾರದ ಜಗಳಗಳನ್ನು ನಮ್ಮ ನಾಟಕಕಾರರೂ ಕಾದಂಬರಿಕಾರರೂ ಸಾಕಷ್ಟು ಬಳಸಿಕೊಂಡಿದ್ದಾರೆ. ಅದರ ಹಿಂದಿದ್ದ ಪಿಂಚಣಿದಾರನ ಲೆಕ್ಕದ ಪುಸ್ತಕವನ್ನು ಯಾರೂ ಅಷ್ಟಾಗಿ ತೆರೆದು ನೋಡಲಿಲ್ಲ.

ಆ ಕಾಲದಲ್ಲಿ ಸಾಲ ದೊರೆಯುವ ದಾರಿಗಳು ಕೆಲವೇ. ಮೈಸೂರು ಸಂಸ್ಥಾನದ ಸಹಕಾರ ಸಂಘಗಳ ಕಾನೂನು ೧೯೦೫ರಲ್ಲಿ ಬಂತು. ದೇಶದ ಮೊತ್ತಮೊದಲ ಗೃಹನಿರ್ಮಾಣ ಸಹಕಾರ ಸಂಘಗಳಲ್ಲಿ ಒಂದು ೧೯೦೯ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೩ರಲ್ಲಿ, ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. ಸಹಕಾರ ಸಂಘಗಳಿಂದ ತನ್ನ ವಾಸದ ಮನೆಗೆ ನೆರವು ಸಿಗುತ್ತಿತ್ತು. ಬಾಡಿಗೆಯ ಮನೆ ಕೊಳ್ಳುತ್ತೇನೆಂಬ ಸಂಬಳದವನಿಗೆ ಹದಿನೈದು ಇಪ್ಪತ್ತು ವರ್ಷಗಳ ಸಾಲ ಕೊಡುವ ಬ್ಯಾಂಕು ಇರಲಿಲ್ಲ. ಮನೆ ಸಾಲವನ್ನೇ ಕಸುಬಾಗಿ ಹಿಡಿದ ಎಚ್.ಡಿ.ಎಫ್.ಸಿ. ಸಂಸ್ಥೆ ಹುಟ್ಟಿದ್ದು ೧೯೭೭ರಲ್ಲಿ. ಅದರ ಗಾಳಿ ತಾಲ್ಲೂಕು ಪಟ್ಟಣಗಳಿಗೆ ಬೀಸುವ ಹೊತ್ತಿಗೆ ಇನ್ನೂ ಎರಡು ದಶಕ ಕಳೆಯಿತು.

ಈ ನಡುವೆ ಎರಡನೆಯ ಮಹಾಯುದ್ಧ ಬಂತು. ೧೯೪೦ರಲ್ಲಿ ವಿಮಾನ ಕಾರ್ಖಾನೆ, ಆಮೇಲೆ ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ, ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಬಿ.ಇ.ಎಲ್. ತಲೆಯೆತ್ತಿ ಬೆಂಗಳೂರಿಗೆ ಜನ ಹರಿದು ಬಂದರು. ೧೯೪೧ರ ಜನಗಣತಿಯಲ್ಲಿ ಸುಮಾರು ೪ ಲಕ್ಷವಿದ್ದ ಜನಸಂಖ್ಯೆ ೧೯೫೧ರಲ್ಲಿ ೭ ಲಕ್ಷ ೭೯ ಸಾವಿರದ ಹತ್ತಿರ ಬಂತು. ೧೯೪೫ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿ ಜಯನಗರದಂಥ ಬಡಾವಣೆಗಳು ಎದ್ದರೂ ಮನೆಗಳು ಸಾಲಲಿಲ್ಲ. ಸರ್ಕಾರ ಬಾಡಿಗೆಗೆ ಕಡಿವಾಣ ಹಾಕಿತು. ಮೈಸೂರು ಸಂಸ್ಥಾನದ ೧೯೫೧ರ ಕಾನೂನಿನ ಜಾಗದಲ್ಲಿ ೧೯೬೧ರ ಬಾಡಿಗೆ ನಿಯಂತ್ರಣ ಕಾನೂನು ಬಂತು. ಮನೆ ಖಾಲಿಯಾದರೆ ಒಡೆಯನು ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಯಾರು ಬರಬೇಕೆಂಬುದನ್ನು ಆ ಅಧಿಕಾರಿ ನಿರ್ಧರಿಸಬಹುದು. ನ್ಯಾಯವಾದ ಬಾಡಿಗೆ ಎಷ್ಟೆಂಬುದನ್ನೂ ಗೊತ್ತುಮಾಡಬಹುದು. ಕಾನೂನು ಹೇಳಿದ ಕಾರಣಗಳಿಲ್ಲದೆ ಯಾರನ್ನೂ ಹೊರಡಿಸುವಂತಿಲ್ಲ. ಬಡ ಬಾಡಿಗೆದಾರನಿಗೆ ಇದು ರಕ್ಷೆಯಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡು ಕೋಣೆಯ ಮನೆಯೊಂದನ್ನೇ ನೆಚ್ಚಿಕೊಂಡಿದ್ದ ವಿಧವೆಗೂ ಇಪ್ಪತ್ತು ಮನೆಗಳ ಸಾಹುಕಾರನಿಗೂ ಒಂದೇ ಅಳತೆಗೋಲಾಯಿತು. ತಿಂಗಳ ಬಾಡಿಗೆ ಬೆಳೆಯದಿದ್ದಲ್ಲಿ ಒಡೆಯರ ಕಣ್ಣು ಮುಂಗಡದ ಕಡೆಗೂ ಗಂಟಿನ ಕಡೆಗೂ ತಿರುಗಿತೆಂದು ನನಗೆ ತೋರುತ್ತದೆ. ಕರ್ನಾಟಕ ಬಾಡಿಗೆ ಅಧಿನಿಯಮವು ೧೯೯೯ರಲ್ಲಿ ರಚನೆಯಾಗಿ ೨೦೦೧ರ ಡಿಸೆಂಬರ್ ೩೧ರಿಂದ ಜಾರಿಗೆ ಬಂದು, ದೊಡ್ಡ ನಗರಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಮನೆಗಳನ್ನು ತನ್ನ ಹಿಡಿತದಿಂದ ಬಿಟ್ಟಿತು. ಅಷ್ಟು ಹೊತ್ತಿಗೆ ಭೋಗ್ಯ ಬೆಂಗಳೂರಿನಲ್ಲಿ ಬೇರೂರಿತ್ತು.

ಈಗ ನನ್ನ ಸೀಮೆಗೆ ಬರುತ್ತೇನೆ. ನನ್ನ ಊರು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎನ್ನುವಂಥ ಗಡಿನಾಡು. ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆಗಳನ್ನು ನಂಬಿದ ಬೇಸಾಯ. ಇಂಥ ಸೀಮೆಯ ಕೈಗೆ ಕಾಸು ಕೊಟ್ಟದ್ದು ರೇಷ್ಮೆ. ಮೈಸೂರು ನಾಡಿಗೆ ರೇಷ್ಮೆಯನ್ನು ತಂದ ಟಿಪ್ಪುವಿನ ಪ್ರಯತ್ನದಿಂದ ಮೊದಲಾಗಿ ಹಿಪ್ಪುನೇರಳೆ ಕೋಲಾರದ ಕಡೆಯ ಹೊಲಗಳನ್ನು ಹಿಡಿಯಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸಣ್ಣ ಹಳಿಯ ರೈಲು ಶಿಡ್ಲಘಟ್ಟವನ್ನು ಮುಟ್ಟಿತು. ರೇಷ್ಮೆ ಗೂಡಿನ ವ್ಯಾಪಾರವನ್ನು ಹದಕ್ಕೆ ತರಲು ೧೯೫೯ರಲ್ಲಿ ಕಾನೂನಾಯಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ಅತಿ ದೊಡ್ಡ ಮಾರುಕಟ್ಟೆಗಳ ಸಾಲಿನಲ್ಲಿ ನಿಂತಿತು. ಹಳ್ಳಿಗಳಲ್ಲಿ ಹುಳು ಸಾಕುವವರು, ಪಟ್ಟಣದಲ್ಲಿ ನೂಲು ಬಿಚ್ಚುವವರು. ನೂಲು ಬಿಚ್ಚುವವರಿಗೆ ವಾಸಕ್ಕೂ ಕೆಲಸಕ್ಕೂ ಮನೆ ಬೇಕು. ಅವರಲ್ಲಿ ಹಲವರ ಕೈಯಲ್ಲಿ ಒಮ್ಮೊಮ್ಮೆ ಗಂಟು ಹಣವಿರುತ್ತದೆ, ತಿಂಗಳು ತಿಂಗಳು ಸಮನಾಗಿ ಬರುವ ಸಂಬಳವಿರುವುದಿಲ್ಲ. ತಿಂಗಳ ಸಂಬಳವಿದ್ದು ಗಂಟಿಲ್ಲದವನು ಮೇಷ್ಟ್ರು. ಈ ಇಬ್ಬರೂ ಭೋಗ್ಯದ ಪತ್ರದಲ್ಲಿ ಎದುರು ಬದುರಾಗುವುದು ಸಹಜವೇ.

ನನ್ನ ತಂದೆ ದಿಬ್ಬೂರಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ೧೯೮೬ರಲ್ಲಿ ಅವರು ಶಿಡ್ಲಘಟ್ಟದಲ್ಲಿ ಹಂಚಿನ ಮಾಡಿನ ಎರಡು ಕೋಣೆಯ ಮನೆಯೊಂದನ್ನು ಬಾಡಿಗೆಯ ಆಸೆಯಿಂದ ಕೊಂಡರು. ಅವರ ಲೆಕ್ಕದ ಪುಸ್ತಕ ನನ್ನ ಬಳಿ ಇದೆ. ಶಾಸನ ಓದುವ ಶ್ರದ್ಧೆಯಿಂದಲೇ ಅದನ್ನು ನಾನು ಓದಿದ್ದೇನೆ. ಬೆಲೆ ೪೦,೦೦೦ ರೂಪಾಯಿ. ಹನ್ನೊಂದು ವರ್ಷದ ಉಳಿತಾಯ ೧೪,೦೦೦. ಚೀಟಿ ಎತ್ತಿದ್ದು ೮,೦೦೦. ಉಳಿದ ೧೮,೦೦೦ವನ್ನು ಕೊಟ್ಟವರು ನೂಲು ಬಿಚ್ಚುವ ಕಸುಬಿನ ಒಬ್ಬ ಸಾಹೇಬರು, ಮೂರು ವರ್ಷದ ಭೋಗ್ಯಕ್ಕೆ. ನೋಂದಣಿಯ ಖರ್ಚಿಗೆ ತಾಯಿಯ ಎರಡು ಬಳೆಗಳು ಒತ್ತೆಗೆ ಹೋದವು. ವಿಜ್ಞಾನೇಶ್ವರನ ಮಾತಿನಲ್ಲಿ ಹೇಳುವುದಾದರೆ ಬಳೆ ಗೋಪ್ಯಾಧಿ, ಮನೆ ಭೋಗ್ಯಾಧಿ. ಕ್ರಯಪತ್ರವೂ ಭೋಗ್ಯಪತ್ರವೂ ಒಂದೇ ದಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದಾಖಲಾದವು. ಎರಡನೆಯದನ್ನು ಬರಿಯ ಸ್ಟಾಂಪು ಕಾಗದದಲ್ಲಿ ಬರೆದರೆ ಸಾಕು, ಖರ್ಚು ಉಳಿಯುತ್ತದೆ ಎಂದು ಪತ್ರ ಬರೆಯುವವರು ಹೇಳಿದರಂತೆ. “ಖರ್ಚು ನನ್ನದಿರಲಿ ಸಾಬ್ರೇ, ನಿಮ್ಮ ಹಣಕ್ಕೆ ಸರ್ಕಾರದ ಪುಸ್ತಕದಲ್ಲಿ ಜಾಗ ಬೇಕು” ಎಂದು ತಂದೆಯವರು ನೋಂದಣಿ ಮಾಡಿಸಿದರು.

ಇಲ್ಲಿಯ ಗಣಿತವನ್ನು ಸ್ವಲ್ಪ ನೋಡಬೇಕು. ಅಂಥ ಮನೆಗೆ ಆಗ ತಿಂಗಳ ಬಾಡಿಗೆ ೨೨೫ ರೂಪಾಯಿ; ವರ್ಷಕ್ಕೆ ೨,೭೦೦. ಪಡೆದ ೧೮,೦೦೦ಕ್ಕೆ ಇದು ನೂರಕ್ಕೆ ೧೫ರಂತೆ ಬಡ್ಡಿಯಾಯಿತು. ಊರಿನಲ್ಲಿ ಕೈಸಾಲದ ದರ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಅದೇ ಹಣವನ್ನು ಕೈಸಾಲವಾಗಿ ತಂದಿದ್ದರೆ ವರ್ಷಕ್ಕೆ ೪,೩೨೦ ತೆರಬೇಕಾಗುತ್ತಿತ್ತು. ಸಾಹೇಬರು ಆ ಹಣವನ್ನು ಉಳಿತಾಯ ಖಾತೆಯಲ್ಲಿ ನೂರಕ್ಕೆ ೫ರ ಆಸುಪಾಸಿನ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ ಬರುತ್ತಿದ್ದುದು ೯೦೦; ಮನೆಯ ವಾಸದಿಂದ ಅವರಿಗೆ ಉಳಿದದ್ದು ೨,೭೦೦. ಇಬ್ಬರಿಗೂ ಲಾಭವಾದ ವ್ಯವಹಾರ ಇದು. ನಡುವೆ ದಲ್ಲಾಳಿಯಿಲ್ಲ, ಬ್ಯಾಂಕಿಲ್ಲ. ಸಣ್ಣ ಉಳಿತಾಯದವರಿಬ್ಬರು ಒಬ್ಬರಿಗೊಬ್ಬರು ಬ್ಯಾಂಕಾದರು.

ಆದರೆ ಭೋಗ್ಯದ ಹಣ ಆದಾಯವಲ್ಲ, ಸಾಲ. ತಂದೆಯವರು ಅದನ್ನು ಪುಸ್ತಕದಲ್ಲಿ ಜಮಾ ಪುಟದಲ್ಲಿ ಬರೆಯದೆ ‘ಕೊಡಬೇಕಾದ್ದು’ ಎಂಬ ಪುಟದಲ್ಲಿ ಮೊದಲ ಸಾಲಾಗಿ ಬರೆದಿದ್ದಾರೆ. ಮೂರು ವರ್ಷವೂ ಆ ಮನೆಯಿಂದ ಒಂದು ಕಾಸೂ ಬರಲಿಲ್ಲ. ಮನೆಗಂದಾಯ, ಹಂಚು ಬದಲಾಯಿಸಿದ ಕೂಲಿ, ಎಲ್ಲವೂ ಸಂಬಳದಿಂದಲೇ. ಮನೆಯಲ್ಲಿ ಚಂದ್ರಿಕೆ ಇಟ್ಟು ಹುಳು ಸಾಕಿದರು. ಒಂದು ಬೆಳೆ ಕೈಕೊಟ್ಟಿತು, ಎರಡು ಬೆಳೆ ಕೈಹಿಡಿದವು. ಗಡುವು ಬಂದಾಗ ಹಣ ಪೂರ್ತಿ ಕೂಡಿರಲಿಲ್ಲ. ಸಾಹೇಬರು “ದುಡ್ಡು ಆಗೋವರೆಗೆ ನಾನಿಲ್ಲೇ ಇರ್ತೀನಲ್ಲ ಮೇಷ್ಟ್ರೇ, ನಿಮಗೇನು ಅವಸರ” ಎಂದು ಇನ್ನೂ ಎಂಟು ತಿಂಗಳು ಅಲ್ಲಿಯೇ ಇದ್ದರು. ಅವರು ಮಿತಾಕ್ಷರವನ್ನು ಓದಿದವರಲ್ಲ. ಆದರೂ ಹಣ ಬರುವ ತನಕ ವಾಸ, ಹಣ ಬಂದ ದಿನ ಬಿಡುಗಡೆ, ಸಾಲವೂ ಬೆಳೆಯದು, ಸ್ವತ್ತೂ ಮುಳುಗದು ಎಂಬ ಕಲ್ಯಾಣದ ನ್ಯಾಯವನ್ನೇ ಅವರು ಆಡಿದರು. ೧೯೯೦ರಲ್ಲಿ ಮನೆ ಬಿಡುಗಡೆಯಾಯಿತು. ಅಲ್ಲಿಂದಾಚೆಗೆ ಅದರ ಬಾಡಿಗೆ ತಪ್ಪದೆ ಬಂದು, ಬೆಂಗಳೂರಿನಲ್ಲಿ ನಾನು ಎಂ.ಎ. ಓದುವಾಗ ಹಾಸ್ಟೆಲಿನ ಶುಲ್ಕವಾಯಿತು.

ಈ ಪದ್ಧತಿ ನಮ್ಮದು ಮಾತ್ರವೆಂದು ಬೀಗಬೇಕಾದ್ದಿಲ್ಲ. ಪ್ರಾಚೀನ ಗ್ರೀಕರಲ್ಲಿ, ರೋಮನರ ಕಾನೂನಿನಲ್ಲಿ ಇಂಥದೇ ಒತ್ತೆಗೆ ‘ಆಂಟಿಕ್ರೆಸಿಸ್’ ಎಂಬ ಹೆಸರಿತ್ತು. ಬಡ್ಡಿಗೆ ಪ್ರತಿಯಾಗಿ ಬಳಕೆ ಎಂದು ಅದರ ತಾತ್ಪರ್ಯ. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಆ ಹೆಸರಿನಲ್ಲಿಯೇ ಇಂದಿಗೂ ಮನೆಗಳು ಕೈಬದಲಾಗುತ್ತವೆ. ಕೊರಿಯಾ ದೇಶದಲ್ಲಿ ಇದು ‘ಚೋನ್ಸೆ’. ಅಲ್ಲಿ ಎರಡು ವರ್ಷದ ಗಡುವಿಗೆ ಮನೆಯ ಬೆಲೆಯ ಅರ್ಧವನ್ನೂ ಮೀರಿದ ಗಂಟನ್ನು ಕೊಡುವುದು ಸಾಮಾನ್ಯ. ಆ ಗಂಟಿಗೆ ತಮ್ಮದು ಸ್ವಲ್ಪವೇ ಸೇರಿಸಿ ಮನೆ ಕೊಳ್ಳುವುದು, ಅದನ್ನು ಚೋನ್ಸೆಗೆ ಕೊಟ್ಟು ಇನ್ನೊಂದು ಕೊಳ್ಳುವುದು ಅಲ್ಲಿಯ ಕೆಲವರಿಗೆ ಕಸುಬೇ ಆಯಿತು. ೨೦೨೨ರಲ್ಲಿ ಮನೆಗಳ ಬೆಲೆ ಇಳಿದಾಗ ಆ ಸರಪಣಿ ತುಂಡಾಯಿತು. ಹೊಸಬನ ಗಂಟಿನಿಂದ ಹಳಬನ ಗಂಟನ್ನು ತೀರಿಸುತ್ತಿದ್ದವರು ಕೈಯೆತ್ತಿದರು. ಜೀವಮಾನದ ಉಳಿತಾಯ ಕಳೆದುಕೊಂಡ ಯುವಕರು ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಸಂತ್ರಸ್ತರ ನೆರವಿಗೆ ಅಲ್ಲಿಯ ಸರ್ಕಾರ ೨೦೨೩ರಲ್ಲಿ ವಿಶೇಷ ಕಾನೂನನ್ನೇ ಮಾಡಬೇಕಾಯಿತು.

ಬೆಂಗಳೂರಿನಲ್ಲಿ ಇಂದು ನಡೆಯುತ್ತಿರುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಹಿಂದೆ ಭೋಗ್ಯವಿದ್ದದ್ದು ಬ್ಯಾಂಕಿನ ಬದಲಾಗಿ. ಈಗ ಎಷ್ಟೋ ಕಡೆ ಅದು ಬ್ಯಾಂಕಿನ ಜೊತೆಯ ಎರಡನೆಯ ಸಾಲವಾಗಿ ನಿಂತಿದೆ. ಕಡಮೆ ಉಳಿತಾಯದವನೊಬ್ಬ ಬೆಲೆಯ ಬಹುಪಾಲನ್ನು ಬ್ಯಾಂಕಿನಿಂದ ತಂದು ಮನೆಯನ್ನು ಅದಕ್ಕೆ ಅಡಮಾನ ಮಾಡುತ್ತಾನೆ. ಅದೇ ಮನೆಯನ್ನು ಲೀಸ್ ಎಂಬ ಹೆಸರಿನಲ್ಲಿ ಇನ್ನೊಬ್ಬನಿಗೆ ಕೊಟ್ಟು ಅವನಿಂದಲೂ ಗಂಟು ಪಡೆಯುತ್ತಾನೆ. ಪತ್ರ ಮಾತ್ರ ೧೧ ತಿಂಗಳಿನದು. ಹನ್ನೊಂದೇ ಏಕೆಂದರೆ, ೧೯೦೮ರ ನೋಂದಣಿ ಕಾನೂನಿನಂತೆ ಒಂದು ವರ್ಷವನ್ನು ಮೀರಿದ ಬಾಡಿಗೆಯ ಕರಾರನ್ನು ನೋಂದಾಯಿಸಬೇಕು. ಭೋಗ್ಯದ ಅಡಮಾನವಾದರಂತೂ, ನೂರು ರೂಪಾಯಿ ದಾಟಿತೆಂದರೆ, ನೋಂದಾಯಿಸದೆ ಸಿಂಧುವಾಗುವುದಿಲ್ಲ. ಶುಲ್ಕ ಉಳಿಸಲು ಇಬ್ಬರೂ ಸೇರಿ ಭೋಗ್ಯಕ್ಕೆ ಬಾಡಿಗೆಯ ವೇಷ ಹಾಕುತ್ತಾರೆ. ಒಡೆಯನು ಬ್ಯಾಂಕಿನ ಕಂತು ತಪ್ಪಿಸಿದರೆ, ೨೦೦೨ರ ಕಾನೂನಿನಂತೆ ಬ್ಯಾಂಕು ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಹರಾಜಿನ ನೋಟೀಸನ್ನು ಬಾಗಿಲಿಗೆ ಅಂಟಿಸಬಹುದು. ಗಂಟು ಕೊಟ್ಟವನು ಆಗ ತನ್ನ ಸ್ಟಾಂಪು ಕಾಗದವನ್ನು ಹಿಡಿದು ಓಡಾಡುತ್ತಾನೆ. ಮೊದಲಿನ ಒತ್ತೆಯೇ ಬಲವಾದದ್ದು ಎಂಬ ಹಳೆಯ ನಿಯಮ ಅವನ ಎದುರಿಗೆ ನಿಂತಿರುತ್ತದೆ. ಹೆಸರನ್ನು ಬದಲಾಯಿಸಿದ್ದರಿಂದ, ಸಾಲಕೊಟ್ಟವನೆಂದು ಹೇಳಿಕೊಳ್ಳಲು ಬೇಕಾದ ಪತ್ರವೂ ಅವನ ಕೈಯಲ್ಲಿರುವುದಿಲ್ಲ.

ಹಾಗೆಂದು ಭೋಗ್ಯವೇ ಕೆಟ್ಟದ್ದೆನ್ನಲು ನಾನು ಸಿದ್ಧನಿಲ್ಲ. ೨೦೧೪ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಭೋಗ್ಯಕ್ಕೆ ಕೊಟ್ಟ ಸ್ವತ್ತನ್ನು ಹಣ ಕೊಟ್ಟು ಬಿಡಿಸಿಕೊಳ್ಳುವ ಹಕ್ಕು ಬರಿಯ ಮೂವತ್ತು ವರ್ಷ ಕಳೆದ ಮಾತ್ರಕ್ಕೆ ನಂದಿಹೋಗುವುದಿಲ್ಲವೆಂದು ತೀರ್ಪಿತ್ತಿತು. ಭೋಗ್ಯಾಧಿ ಮುಳುಗುವುದಿಲ್ಲ ಎಂದು ಕಲ್ಯಾಣದಲ್ಲಿ ಕುಳಿತು ವಿವರಿಸಿದ ಒಂಬತ್ತು ಶತಮಾನಗಳ ಬಳಿಕ ದೆಹಲಿಯಲ್ಲಿ ಅದೇ ನ್ಯಾಯ ಮತ್ತೆ ಕೇಳಿಬಂತು. ಒಡೆಯನ ಹಕ್ಕು ಹೀಗೆ ಭದ್ರವಾಗಿ ಉಳಿದಿದೆ. ಹಣ ಕೊಟ್ಟವನ ಹಕ್ಕು ಸಡಿಲವಾದದ್ದು ನ್ಯಾಯದ ಕೊರತೆಯಿಂದಲ್ಲ. ನೋಂದಣಿಯಿಲ್ಲದ ಕಾಗದದಿಂದ, ಒಂದೇ ಮನೆಯ ಮೇಲೆ ಎರಡು ಸಾಲ ಹೊರಿಸುವ ಆತುರದಿಂದ.

ತನ್ನ ಮೊದಲ ಬಾಡಿಗೆಯ ಮನೆಯನ್ನು ಕೊಳ್ಳಹೊರಟ ಸಣ್ಣ ಉಳಿತಾಯದ ಸಂಸಾರಿಗೆ ಈ ಚರಿತ್ರೆಯಿಂದ ಸಿಗುವ ಮಾತುಗಳು ಹೆಚ್ಚಿಲ್ಲ. ಪಡೆದ ಗಂಟನ್ನು ಹೇಗೆ ತೀರಿಸುವೆನೆಂಬುದನ್ನು ಪಡೆಯುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಇನ್ನೊಬ್ಬ ಬಾಡಿಗೆದಾರ ಬಂದು ತೀರಿಸುತ್ತಾನೆಂಬುದು ಉತ್ತರವಲ್ಲ. ಒಂದು ಮನೆಗೆ ಒಂದೇ ಒತ್ತೆ. ಪತ್ರಕ್ಕೆ ಅದರ ನಿಜವಾದ ಹೆಸರು. ಅವನ ಮನೆಯ ಗೋಡೆಗಳಲ್ಲಿ ಇನ್ನೊಂದು ಸಂಸಾರದ ಹತ್ತು ವರ್ಷದ ಉಳಿತಾಯ ಸೇರಿರುತ್ತದೆ. ಆ ಸಂಸಾರಕ್ಕೂ ಒಂದು ದಿನ ತನ್ನದೇ ಆದ ಮನೆಯನ್ನು ಕೊಳ್ಳುವ ಆಸೆಯಿರುತ್ತದೆ, ಅದಕ್ಕೆಂದೇ ಕೂಡಿಟ್ಟ ಹಣ ಅದು. ಗಡುವಿನ ದಿನ ಅದು ಹಿಂದಿರುಗಿದರೆ ಎರಡು ಮನೆ ಉಳಿಯುತ್ತವೆ.